ಪ್ಲಾಟಿನಂ ಮೇಲೆ ಬಿಸ್ಮತ್, ಸೀಸ, ರುಥೇನಿಯಂ: ಮೂರನ್ನೂ ಕೂರಿಸಿ ನೋಡಿದೆ

ಬರೀ ಪ್ಲಾಟಿನಂ ಎಲೆಕ್ಟ್ರೋಡ್ ಮೇಲೆ ಫಾರ್ಮಿಕ್ ಆಮ್ಲದ ಉತ್ಕರ್ಷಣೆ (ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕಾರ್ಬನ್ ಡೈಆಕ್ಸೈಡ್ ಆಗುವುದು) ನೋಡಿದರೆ ಬೇಜಾರಾಗುತ್ತದೆ. ವೋಲ್ಟೇಜ್ ಏರಿಸುವಾಗ 0.5 ವೋಲ್ಟ್ ಹತ್ತಿರ ಕರೆಂಟ್‌ನಲ್ಲಿ ಸಣ್ಣದೊಂದು ಉಬ್ಬು, ಅಷ್ಟೇ. (ವೋಲ್ಟೇಜ್ ಅಂಕಿಗಳೆಲ್ಲ ರಿವರ್ಸಿಬಲ್ ಹೈಡ್ರೋಜನ್ ಎಲೆಕ್ಟ್ರೋಡನ್ನು ಸೊನ್ನೆ ಅಂತ ಹಿಡಿದ ಲೆಕ್ಕದಲ್ಲಿ.) ಅದೇ ಇಳಿಸುವಾಗ ಕರೆಂಟ್ ಜಿಗಿಯುತ್ತದೆ. ಆಮ್ಲದ ಒಂದಷ್ಟು ಅಣುಗಳು ನೀರು ಕಳೆದುಕೊಂಡು ಕಾರ್ಬನ್ ಮಾನಾಕ್ಸೈಡ್ ಆಗಿ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಮೇಲಿನ ವೋಲ್ಟೇಜ್‌ನಲ್ಲಿ ಅದು ಸುಟ್ಟುಹೋದ ಮೇಲೇ ಜಾಗ ಖಾಲಿ.

ಬಿಸ್ಮತ್ ನನಗೆ ಹಿಡಿಸಿತು. ಪ್ಲಾಟಿನಂ ಮಣಿಯನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ, ತಣಿಸಿ, ಚೂರೇ ಚೂರು ಬಿಸ್ಮತ್ ಇರುವ ಆಮ್ಲದಲ್ಲಿ ಅದ್ದಿದರೆ ಸಾಕು. ತೊಳೆದರೂ ಹೋಗುವುದಿಲ್ಲ. ಎಷ್ಟು ಕೂತಿದೆ ಅಂತ ತಿಳಿಯಲು 0.05ರಿಂದ 0.4 ವೋಲ್ಟ್ ನಡುವಿನ ಹೈಡ್ರೋಜನ್ ಗುಡ್ಡಗಳು (ಖಾಲಿ ಪ್ಲಾಟಿನಂ ಮೇಲೆ ಹೈಡ್ರೋಜನ್ ಕೂತು ಏಳುವಾಗ ಬರುವ ಕರೆಂಟ್ ಉಬ್ಬುಗಳು) ಎಷ್ಟು ಕುಗ್ಗಿವೆ ಅಂತ ನೋಡಬೇಕು. ಆಮೇಲೆ ಫಾರ್ಮಿಕ್ ಆಮ್ಲ ಹಾಕಿದರೆ ಏರುವ ಗೆರೆ, ಇಳಿಯುವ ಗೆರೆ ಹೆಚ್ಚುಕಡಿಮೆ ಒಂದರ ಮೇಲೊಂದು! ಮಾನಾಕ್ಸೈಡ್ ಹುಟ್ಟಲು ಪಕ್ಕಪಕ್ಕದಲ್ಲಿ ಹಲವು ಪ್ಲಾಟಿನಂ ಪರಮಾಣು ಖಾಲಿ ಇರಬೇಕು. ಬಿಸ್ಮತ್ ನಡುನಡುವೆ ಕೂತು ಆ ಗುಂಪನ್ನು ಒಡೆಯುತ್ತದೆ. ನೇರವಾಗಿ ಕಾರ್ಬನ್ ಡೈಆಕ್ಸೈಡ್ ಆಗುವ ದಾರಿಗೆ ಅಷ್ಟು ಜಾಗ ಬೇಡ.

ಒಮ್ಮೆ ಅಭ್ಯಾಸಬಲದಿಂದ 1.2 ವೋಲ್ಟ್‌ವರೆಗೆ ಓಡಿಸಿಬಿಟ್ಟೆ. ಮುಂದಿನ ಸುತ್ತಿನಲ್ಲಿ ಹೈಡ್ರೋಜನ್ ಗುಡ್ಡಗಳು ವಾಪಸ್ಸು ಬಂದಿದ್ದವು, ಬಿಸ್ಮತ್ ಕರಗಿಹೋಗಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಸೀಸವೂ ಇದೇ ಕೆಲಸ ಮಾಡುತ್ತದೆ, ಕರೆಂಟ್ ಕೂಡ ಚೆನ್ನಾಗಿತ್ತು. ಆದರೆ ತಾಪತ್ರಯ ಜಾಸ್ತಿ. ಸೀಸದ ಅಯಾನು ದ್ರಾವಣದಲ್ಲೇ ಇರಬೇಕು, ಇಲ್ಲದಿದ್ದರೆ ಪದರ ನಿಲ್ಲುವುದಿಲ್ಲ. ಸಲ್ಫ್ಯೂರಿಕ್ ಆಮ್ಲದಲ್ಲಿ ಅದು ಸಲ್ಫೇಟ್ ಆಗಿ ತಳ ಸೇರುತ್ತದೆ, ಹಾಗಾಗಿ ಪರ್ಕ್ಲೋರಿಕ್ ಆಮ್ಲಕ್ಕೆ ಬದಲಿಸಬೇಕಾಯಿತು. ಮೇಲಿಂದ ವಿಷ ಬೇರೆ. ಬಿಸ್ಮತ್ ಇರುವಾಗ ಸುಮ್ನೆ ಯಾಕೆ ಇದು, ಅಲ್ವಾ?

ರುಥೇನಿಯಂ ಬೇರೆಯದೇ ಜಾತಿ. ಮಾನಾಕ್ಸೈಡ್ ಹುಟ್ಟದಂತೆ ತಡೆಯುವುದು ಅದರ ಮುಖ್ಯ ಕೆಲಸವಲ್ಲ, ಹುಟ್ಟಿದ್ದನ್ನು ಸುಡಲು ಆಕ್ಸಿಜನ್ ಒದಗಿಸುತ್ತದೆ. ಪ್ಲಾಟಿನಂಗಿಂತ ಕಡಿಮೆ ವೋಲ್ಟೇಜ್‌ನಲ್ಲೇ ನೀರನ್ನು ಒಡೆದು ಹೈಡ್ರಾಕ್ಸಿಲ್ ಹಿಡಿದಿಟ್ಟುಕೊಳ್ಳುತ್ತದೆ. ಸಂಶೋಧಕರಾದ ವಾತಾನಬೆ ಮತ್ತು ಮೊಟೊ 1975ರಲ್ಲೇ ಈ ಜೋಡಿ ಕೆಲಸವನ್ನು ವಿವರಿಸಿದ್ದರು. ಫಾರ್ಮಿಕ್ ಆಮ್ಲದಲ್ಲಿ ಬಿಸ್ಮತ್ ಮುಂದೆ ರುಥೇನಿಯಂ ಮಂಕು. ಮೆಥನಾಲ್ ಹಾಕಿದೆ, ಆಟ ತಿರುಗಿತು. ಮೆಥನಾಲ್‌ನಿಂದ ಹೈಡ್ರೋಜನ್ ಕೀಳುವುದಕ್ಕೇ ಪಕ್ಕಪಕ್ಕದ ಪ್ಲಾಟಿನಂ ಬೇಕು. ಅಲ್ಲಿ ಬಿಸ್ಮತ್ ಬರೀ ಅಡ್ಡಿ.

ನಿಮ್ಮ ಹತ್ತಿರ ಮಣಿ ಒಂದೇ ಇದ್ದರೆ ಬಿಸ್ಮತ್ ಪ್ರಯೋಗ ಮೊದಲು ಮುಗಿಸಿ. ರುಥೇನಿಯಂ ಅಷ್ಟು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ.