ಲೋಹದ ಯೋಯೋ: ತಿರುಗಾಟ ಭರ್ಜರಿ, ದಾರ ಮಾತ್ರ ಸುಮಾರು

ಮಗಳಿಗೆ ಅಂತ ತಂದ ಅಲ್ಯೂಮಿನಿಯಂ ಯೋಯೋ ಈಗ ಜಾಸ್ತಿ ಹೊತ್ತು ನನ್ನ ಕೈಯಲ್ಲೇ ಇರುತ್ತದೆ. ಇದರ ಗುಟ್ಟು ಅಂಚಿನಲ್ಲಿದೆ. ನಡುಭಾಗ ತೆಳ್ಳಗೆ, ತೂಕವೆಲ್ಲ ಹೊರ ಅಂಚಿಗೆ. ತೂಕ ಅಚ್ಚಿನಿಂದ ದೂರ ಇದ್ದಷ್ಟೂ ತಿರುಗಾಟ ಬೇಗ ನಿಲ್ಲುವುದಿಲ್ಲ.

ಕೆಳಗೆ ಬಿಸಾಕಿದರೆ ದಾರ ಬಿಚ್ಚಿಕೊಳ್ಳುತ್ತಾ ಅದನ್ನು ತಿರುಗಿಸುತ್ತದೆ. ದಾರ ಮುಗಿದ ಮೇಲೆ ಬೇರಿಂಗಿನ ಹೊರಬಳೆ ದಾರದ ಜೊತೆ ನಿಂತುಬಿಡುತ್ತದೆ. ಒಳಬಳೆ, ಅಚ್ಚು, ಎರಡೂ ಬಿಲ್ಲೆಗಳು ಮಾತ್ರ ಗಿರ್ರನೆ ತಿರುಗುತ್ತಲೇ ಇರುತ್ತವೆ. ಆಟಗಾರರು ‘ಸ್ಲೀಪ್’ ಅನ್ನೋದು ಇದಕ್ಕೇ. ವೇಗ ಇರುವವರೆಗೂ ಬುಗುರಿಯ ಹಾಗೆ ವಾಲದೆ ನಿಲ್ಲುತ್ತದೆ, ಇಳಿದರೆ ಓಲಾಟ ಶುರು. ನೋಡ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಆದರೆ ಇದು ಸುಮ್ನೆ ಎಳೆದರೆ ವಾಪಸ್ ಬರಲ್ಲ! ದಾರವನ್ನು ಮಡಚಿ ಸಂದಿಗೆ ತೂರಿಸಬೇಕು. ಆಗ ಒಳಗಿನ ಸಿಲಿಕೋನ್ ಪಟ್ಟಿ ದಾರವನ್ನು ಕಚ್ಚಿ ಹಿಡಿದು ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಡಬ್ಬದ ಮೇಲೆ ಇದನ್ನೊಂದು ಸಾಲು ಬರೆಯಬಹುದಿತ್ತು, ಅಲ್ವಾ? ಮಗಳಂತೂ ಸಿಟ್ಟಾಗಿ ಮೂಲೆಗೆ ಎಸೆದಿದ್ದಳು.

ಜೊತೆಗೆ ಕೊಟ್ಟ ದಾರ ಬೇಗ ಎಳೆಎಳೆಯಾಗುತ್ತದೆ. ಒಳ್ಳೆ ಪಾಲಿಯೆಸ್ಟರ್ ದಾರ ಹಾಕಿಕೊಳ್ಳಿ. ಹೊಸಬರಿಗೆ ಮಾತ್ರ ಇದು ಬೇಡ, ಕಿರಿದಾದ ಬೇರಿಂಗ್ ಇರುವ, ಎಳೆದರೆ ವಾಪಸ್ ಬರುವಂಥದ್ದನ್ನೇ ಕೊಡಿಸಿ.