ಸ್ಟರ್ಮಿ-ಆರ್ಚರ್ ಎಡಬ್ಲ್ಯೂ ಮೂರು ಗೇರಿನ ಹಬ್: ಹಲವು ವರ್ಷಗಳ ಬಳಕೆಯ ನಂತರ

ಇಂಗ್ಲೆಂಡಿನಲ್ಲಿ ಹಳೆಯ ರ‍್ಯಾಲಿ ಸೈಕಲ್ ಕೊಂಡವರಿಗೆ ಹಿಂಬದಿ ಚಕ್ರದಲ್ಲಿ ಹೆಚ್ಚಾಗಿ ಸಿಗುವುದು ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದ, ಸ್ಟರ್ಮಿ-ಆರ್ಚರ್ ಕಂಪನಿಯ ಎಡಬ್ಲ್ಯೂ ಎಂಬ ಮಾದರಿಯ ಈ ಹಬ್, ಅಂದರೆ ಗೇರುಗಳನ್ನು ಒಳಗಡಗಿಸಿಕೊಂಡ ಚಕ್ರದ ನಡುಭಾಗ. ವಿನ್ಯಾಸ 1936ರದು, ನನ್ನದರ ಮೇಲೆ ಅಚ್ಚೊತ್ತಿರುವ 66 ಎಂಬ ಅಂಕಿ ತಯಾರಾದ ವರ್ಷವನ್ನು ಸೂಚಿಸುತ್ತದೆ. ಮಳೆ ಚಳಿಯೆನ್ನದೆ ಕಚೇರಿಗೆ ಇದರಲ್ಲೇ ಓಡಾಡುತ್ತಿರುವ ನನ್ನ ಅಭಿಪ್ರಾಯದಲ್ಲಿ ಇದರೊಳಗೆ ನಿಜವಾಗಿ ಕೆಡುವುದು ತೀರ ಕಡಿಮೆ; ಕೆಟ್ಟಿದೆ ಎಂದು ಮೂಲೆಗೆ ಸೇರುವ ಹಬ್‌ಗಳಿಗೆ ಬಹುಪಾಲು ಬೇಕಿರುವುದು ಎಣ್ಣೆ, ಇಲ್ಲವೇ ಕೇಬಲ್ಲಿನ ಹೊಂದಾಣಿಕೆ.

ನನಗೆ ಮಾರಿದವರು ಹಬ್‌ನೊಳಗೆಲ್ಲ ಗಟ್ಟಿ ಗ್ರೀಸ್ ತುಂಬಿದ್ದರು. ಒಂದನೇ ಗೇರಿನಲ್ಲಿ ಪೆಡಲ್ ಬರಿದೇ ತಿರುಗುತ್ತಿತ್ತು. ಬಿಚ್ಚಿ ನೋಡಿದರೆ, ಹಲ್ಲಿಗೆ ಸಿಕ್ಕಿಕೊಳ್ಳಬೇಕಾದ ಪುಟ್ಟ ಉಕ್ಕಿನ ನಾಲಿಗೆಗಳು ಕಂದು ಅಂಟಿನಲ್ಲಿ ಹೂತುಹೋಗಿದ್ದವು. ಅವನ್ನು ಎತ್ತಿಹಿಡಿಯುವ ಸ್ಪ್ರಿಂಗ್ ಕೂದಲಿನಷ್ಟು ಸಣ್ಣ ತಂತಿಯಾದ್ದರಿಂದ ಗ್ರೀಸಿನ ಬಿಗಿತವನ್ನು ಮೀರುವ ಶಕ್ತಿ ಅದಕ್ಕಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಬೇರಿಂಗಿನ ಗುಂಡುಗಳಿಗೆ ಮಾತ್ರ ಗ್ರೀಸ್ ಹಚ್ಚಿ, ಉಳಿದೆಡೆ ತೆಳು ಎಣ್ಣೆ ಬಿಟ್ಟ ಮೇಲೆ ಯಾವ ಭಾಗವನ್ನೂ ಬದಲಿಸಬೇಕಾಗಲಿಲ್ಲ. ಈಗ ಹಬ್‌ನ ಎಣ್ಣೆರಂಧ್ರದಿಂದ ಆಗಾಗ ಕೆಲವು ಹನಿ ಬಿಟ್ಟರೆ ಸಾಕಾಗುತ್ತದೆ. ಅಡುಗೆ ಎಣ್ಣೆಯನ್ನಂತೂ ಹಾಕಲೇಬಾರದು, ಅದು ಒಣಗಿ ಅಂಟಾಗುತ್ತದೆ.

ಬಿಚ್ಚುವ ಕೆಲಸದಲ್ಲಿ ಎಚ್ಚರ ಬೇಕಾದದ್ದು ಒಂದೇ ಕಡೆ. ಬಲಗಡೆಯ ಗುಂಡಿನ ಬಳೆಯನ್ನು ಅದರ ಕಚ್ಚಿಗೆ ಉಳಿಯಿಟ್ಟು ಸುತ್ತಿಗೆಯಿಂದ ತಟ್ಟಿ ಸಡಿಲಿಸಬೇಕು. ಅದರ ತಿರುಪಿನ ಸುತ್ತು (ಥ್ರೆಡ್) ಎರಡು ಕಡೆಯಿಂದ ಆರಂಭವಾಗುವುದರಿಂದ, ಮೊದಲೇ ಗುರುತು ಹಾಕಿಕೊಳ್ಳದೆ ಮತ್ತೆ ಕೂಡಿಸಿದರೆ ಚಕ್ರ ತುಸು ಒಂದು ಬದಿಗೆ ಸರಿಯಬಹುದು. ಒಳಗಿನ ಲೆಕ್ಕ ಸರಳ: ನಡುವಿನ ಹಲ್ಲುಚಕ್ರಕ್ಕೆ 20 ಹಲ್ಲು, ಹೊರಬಳೆಗೆ 60 ಹಲ್ಲು; 20 ಎಂಬುದು ಒಟ್ಟು 80ರ ಕಾಲು ಭಾಗ, 60ರ ಮೂರನೇ ಒಂದು ಭಾಗ, ಹಾಗಾಗಿ ಎರಡನೆಯದಕ್ಕೆ ಹೋಲಿಸಿದರೆ ಒಂದನೇ ಗೇರು ಶೇ. 25 ತಗ್ಗು, ಮೂರನೆಯದು ಶೇ. 33 ಹೆಚ್ಚು.

ಈ ಹಳೆಯ ಮಾದರಿಯ ನಿಜವಾದ ದೋಷ ಎರಡನೇ ಮತ್ತು ಮೂರನೇ ಗೇರಿನ ನಡುವೆ ಹಿಡಿತವೇ ಇಲ್ಲದ ಒಂದು ಸ್ಥಾನವಿರುವುದು. ಕೇಬಲ್ ಸಡಿಲಾಗಿದ್ದಾಗ ನಿಂತು ತುಳಿದರೆ ಮುಗ್ಗರಿಸುವ ಅಪಾಯವಿದೆ. ಎರಡನೇ ಗೇರಿನಲ್ಲಿಟ್ಟು ಬಲಗಡೆಯ ನಟ್ಟಿನ ಕಿಂಡಿಯಲ್ಲಿ ನೋಡಿದಾಗ ಕೇಬಲ್ ಎಳೆಯುವ ಕಡ್ಡಿಯ ಭುಜ, ಅಂದರೆ ಅದರ ದಪ್ಪ ಭಾಗ ಮುಗಿಯುವ ಅಂಚು, ಚಕ್ರದ ಅಚ್ಚಿನ (ಆಕ್ಸಲ್) ತುದಿಗೆ ಸಮವಾಗಿ ಕಾಣಬೇಕು. ಇದನ್ನು ನಾನು ಟೈರಿಗೆ ಗಾಳಿ ಹಾಕುವಾಗೆಲ್ಲ ನೋಡಿಕೊಳ್ಳುತ್ತೇನೆ.

ಸಮತಟ್ಟು ಊರುಗಳಿಗೆ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಕಡಿದಾದ ಏರುಗಳಿದ್ದಲ್ಲಿ ಮೂರು ಗೇರು ಸಾಲದು.