ಸ್ಲಾಪ್ ಕಲಿಯೋಕೆ ಅಂತ ಕಡಿಮೆ ದುಡ್ಡಿನ ಬೇಸ್ ಗಿಟಾರ್ ತಗೊಳ್ಳೋರು ಒಂದ್ಸಲ ಇದನ್ನ ಓದಿ, ನೆಕ್ ನೋಡದೆ ದುಡ್ಡು ಕೊಡ್ಬೇಡಿ

ಸ್ಲಾಪ್ ಅಂದ್ರೆ ಹೆಬ್ಬೆರಳಲ್ಲಿ ತಂತಿಗೆ ಏಟು ಹಾಕಿ, ಬೆರಳಲ್ಲಿ ಎಳೆದು ಬಿಟ್ಟು ನುಡಿಸೋದು. ಏಳು ತಿಂಗಳು ನಾನು ನನ್ನ ಹೆಬ್ಬೆರಳಿಗೇ ಬೈಕೊಂಡಿದ್ದೆ. ಏಟು ಸರಿಯಾಗಿ ಬೀಳ್ತಿಲ್ಲ, ಮಣಿಕಟ್ಟು ಸಡಿಲ ಆಗ್ತಿಲ್ಲ, ಇನ್ನೂ ಅಭ್ಯಾಸ ಸಾಲ್ದು ಅಂತ ದಿನಾ ಎರಡು ಗಂಟೆ ಕೂತು ಕುಟ್ಟಿದ್ದೇ ಕುಟ್ಟಿದ್ದು, ಕೊನೆಗೆ ಹೆಬ್ಬೆರಳ ಬುಡ ಊದ್ಕೊಂಡು ಬಾಟ್ಲಿ ಮುಚ್ಚಳ ತಿರುಗ್ಸೋಕೂ ಆಗ್ದೆ ಮೂರು ವಾರ ಬೇಸ್ ಮುಟ್ಟಲಿಲ್ಲ. ತಪ್ಪು ಬೆರಳಿಂದಲ್ಲ, ಬೇಸ್‌ನ ನೆಕ್‌ದು, ಅಂದ್ರೆ ತಂತಿ ಒತ್ತಿ ಹಿಡಿಯೋ ಆ ಉದ್ದ ಕತ್ತಿಂದು. ರಿಪೇರಿ ಮಾಡೋರು ಒಂದು ಸ್ಟೀಲ್ ಪಟ್ಟಿ ಇಟ್ಟು ಎರಡೇ ನಿಮಿಷದಲ್ಲಿ ತೋರಿಸಿಕೊಟ್ರು. ಆ ಎರಡು ನಿಮಿಷದ ಪರೀಕ್ಷೆ ನಾನು ಅಂಗಡೀಲೇ ಮಾಡಬಹುದಿತ್ತು, ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿರ್ಲಿ ಅಂತ ಇಷ್ಟುದ್ದ ಬರೀತಿದೀನಿ.

ತಗೊಂಡಿದ್ದು ಹೇಗೆ ಅಂದ್ರೆ, ಮೊಬೈಲ್‌ನಲ್ಲಿ ಡೆಮೊ ವಿಡಿಯೋ ನೋಡಿ. ನಾಲ್ಕು ತಂತಿ, 24 ಫ್ರೆಟ್ (ನೆಕ್ ಮೇಲೆ ಅಡ್ಡಕ್ಕಿರೋ ಲೋಹದ ಪಟ್ಟಿಗಳು), ಆಕ್ಟಿವ್ ಪ್ರಿಯಾಂಪ್ (ಬ್ಯಾಟರಿಯಿಂದ ಸದ್ದು ಎತ್ತೋ ಸರ್ಕ್ಯೂಟ್), ಬೇಸ್ ಮಿಡ್ ಟ್ರೆಬಲ್ ಮೂರಕ್ಕೂ ಬೇರೆ ಬೇರೆ ನಾಬು, ಜೊತೆಗೆ ಸ್ಲಾಪ್ ಅಂತಾನೇ ಒಂದು ಪುಟ್ಟ ಸ್ವಿಚ್ಚು. ಅದೇ ದುಡ್ಡಿಗೆ ಬೇರೆಯವರು ಎರಡು ಪಿಕಪ್ (ತಂತಿಯ ಕಂಪನ ಹಿಡಿಯೋ ಅಯಸ್ಕಾಂತ) ಇರೋ ಸಾದಾ ಬೇಸ್ ಕೊಡ್ತಿದ್ರು, ಇದ್ರಲ್ಲಿ ಇಷ್ಟೆಲ್ಲಾ ಇದೆಯಲ್ಲ ಅಂತ ಇದನ್ನೇ ತಗೊಂಡೆ. ಆ ವಿಡಿಯೋದಲ್ಲಿ ಟಕ್ ಟಕ್ ಅಂತ ಎಷ್ಟು ಚೆನ್ನಾಗಿ ಕೇಳ್ತಿತ್ತು ಅಂದ್ರೆ ಇನ್ನೇನೂ ಯೋಚ್ನೆ ಮಾಡ್ಲೇ ಇಲ್ಲ. ಈಗ ಅರ್ಥ ಆಗತ್ತೆ, ಬೇಸ್‌ನ ಅತಿ ದಪ್ಪ ತಂತಿ, ಇ ತಂತಿ, ಫ್ರೆಟ್ ಒತ್ತದೆ ನುಡಿಸಿದ್ರೆ ಸುಮಾರು 41 ಹರ್ಟ್ಸ್, ಮೊಬೈಲ್ ಸ್ಪೀಕರ್‌ನಲ್ಲಿ ಆ ಕೆಳಗಿನ ಸದ್ದು ಬರೋದೇ ಇಲ್ಲ, ಕೇಳೋದು ತಂತಿ ಫ್ರೆಟ್‌ಗೆ ಬಡಿಯೋ ಮೇಲಿನ ಸದ್ದು ಮಾತ್ರ, ಹೊಸ ಸ್ಟೀಲ್ ತಂತಿ ಹಾಕಿ, ಸದ್ದನ್ನ ಒಂದೇ ಮಟ್ಟಕ್ಕೆ ತರೋ ಕಂಪ್ರೆಸರ್ ಬಳಸಿದ್ರೆ ಯಾವ ಬೇಸಾದ್ರೂ ಹಾಗೇ ಕೇಳತ್ತೆ. ನುಡಿಸ್ತಿದ್ದವ್ರ ಕೈ ಅಂತೂ ಹದಿನೈದು ಇಪ್ಪತ್ತು ವರ್ಷ ಪಳಗಿದ ಕೈ.

ಮನೆಗೆ ತಂದ ಮೇಲೆ ಬೆರಳಲ್ಲಿ ಮೀಟಿ ನುಡಿಸಿದ್ರೆ ಏನೂ ತೊಂದ್ರೆ ಇರ್ಲಿಲ್ಲ, ಇದು ಮುಖ್ಯ, ನೆನಪಲ್ಲಿಟ್ಕೊಳ್ಳಿ. ಸ್ಲಾಪ್ ಮಾಡೋಕೆ ಹೋದ್ರೆ ಮಾತ್ರ ಇ ತಂತಿ ಏಟು ಬಿದ್ದ ತಕ್ಷಣ ಕಟ್ ಅಂತ ಸತ್ತು ಹೋಗ್ತಿತ್ತು, ಸ್ವರಾನೇ ಇಲ್ಲ, ಬರೀ ಕಬ್ಬಿಣ ಕುಟ್ಟಿದ ಸದ್ದು. ಅಂಗಡಿಯವರನ್ನ ಕೇಳಿದ್ರೆ ಹೊಸ ಬೇಸು, ಸ್ವಲ್ಪ ದಿನ ನುಡಿಸಿ ಸೆಟ್ ಆಗತ್ತೆ ಅಂದ್ರು. ತಿಂಗಳು ಬಿಟ್ಟು ಮತ್ತೆ ಹೋದೆ, ಆಕ್ಷನ್, ಅಂದ್ರೆ ಫ್ರೆಟ್‌ಗಳಿಂದ ತಂತಿ ಇರೋ ಎತ್ತರ, ಜಾಸ್ತಿ ಮಾಡಿ ಕೊಟ್ರು, ಸ್ವರ ಬಂತು, ಆದ್ರೆ ತಂತಿ ಫ್ರೆಟ್‌ಬೋರ್ಡಿಂದ ಅಷ್ಟು ಮೇಲೆ ಇರೋದ್ರಿಂದ ಸ್ಲಾಪ್ ಸದ್ದು ಬರ್ಬೇಕಂದ್ರೆ ಇನ್ನೂ ಜೋರಾಗಿ ಹೊಡೀಬೇಕು, ನಾನು ಜೋರಾಗಿ ಹೊಡೆಯೋಕೆ ಶುರು ಮಾಡ್ದೆ. ಬೆರಳು ಹೋಗಿದ್ದು ಅಲ್ಲೇ.

ಸ್ಲಾಪ್‌ನಲ್ಲಿ ನಿಜವಾಗ್ಲೂ ಏನು ನಡಿಯತ್ತೆ ಅಂತ ಸ್ವಲ್ಪ ಹೇಳ್ತೀನಿ, ಇಲ್ಲಾಂದ್ರೆ ನೆಕ್ ಬಗ್ಗೆ ಯಾಕೆ ಇಷ್ಟು ಒದ್ದಾಡ್ತಿದೀನಿ ಅಂತ ಅರ್ಥ ಆಗಲ್ಲ. ಈ ಶೈಲಿ ಎಲೆಕ್ಟ್ರಿಕ್ ಬೇಸ್‌ಗೆ ಬಂದಿದ್ದು ಅಮೆರಿಕದ ಬೇಸ್ ವಾದಕ ಲ್ಯಾರಿ ಗ್ರಹಾಂ ಅವರಿಂದ. ತಾಯಿ ಜೊತೆ ಡ್ರಮ್ಮರ್ ಇಲ್ದೆ ನುಡಿಸ್ಬೇಕಾಗಿ ಬಂದಾಗ ಹೆಬ್ಬೆರಳ ಏಟಿಂದ ಬೇಸ್ ಡ್ರಮ್ ಸದ್ದು, ತಂತಿ ಎಳೆದು ಬಿಟ್ಟು ಸ್ನೇರ್ ಡ್ರಮ್ ಸದ್ದು ತೆಗೆದವರು ಅವರು, ಆಮೇಲೆ 1960ರ ದಶಕದ ಕೊನೇಲಿ ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ಬ್ಯಾಂಡ್‌ನಲ್ಲಿ ಅದನ್ನ ಎಲ್ಲರೂ ಕೇಳಿದ್ರು. ಅಂದ್ರೆ ಇದು ಡ್ರಮ್ ಕೆಲಸ. ಹೆಬ್ಬೆರಳು ಬೀಳೋದು ಫ್ರೆಟ್‌ಬೋರ್ಡ್ ಮುಗಿಯೋ ಜಾಗದ ಹತ್ರ, ತಂತಿ ಹೋಗಿ ಕೊನೇ ಫ್ರೆಟ್‌ಗಳಿಗೆ ಬಡಿದು ಸಟ್ ಅಂತ ವಾಪಸ್ ಬರ್ಬೇಕು, ಬಂದು ಹಾಡ್ಬೇಕು. ಮಾಮೂಲಿ ನುಡಿಸೋರು ಆ ಕೊನೇ ಐದಾರು ಫ್ರೆಟ್ ಕಡೆ ಹೋಗೋದೇ ಅಪರೂಪ, ಹಾಗಾಗಿ ಅಲ್ಲಿ ತೊಂದ್ರೆ ಇದ್ರೂ ಅವರಿಗೆ ಅಷ್ಟಾಗಿ ಗೊತ್ತಾಗಲ್ಲ. ಸ್ಲಾಪ್ ಮಾಡೋರಿಗೆ ಪ್ರತಿ ಏಟೂ ಅಲ್ಲೇ.

ನನ್ನ ಬೇಸ್‌ನಲ್ಲಿ ಹಾಳಾಗಿದ್ದೂ ಅದೇ ಜಾಗ. ನೆಕ್ಕು ಬಾಡಿಗೆ ಸೇರೋ ಕಡೆಯಿಂದ ಕೊನೇವರೆಗೆ ಮೇಲಕ್ಕೆ ಎದ್ದಿತ್ತು, ರಿಪೇರಿಯವರು ಇದಕ್ಕೆ ಸ್ಕೀ ಜಂಪ್ ಅಂತಾರೆ. ಚೆನ್ನಾಗಿ ಮಾಡಿದ ನೆಕ್‌ನಲ್ಲಿ ಕೊನೇ ಫ್ರೆಟ್‌ಗಳು ಒಂದು ಕೂದಲಷ್ಟು ಕೆಳಗೇ ಇರೋ ಥರ ಮಾಡ್ತಾರಂತೆ, ನನ್ನದ್ರಲ್ಲಿ ಪೂರ್ತಿ ಉಲ್ಟಾ. ಟ್ರಸ್ ರಾಡ್, ಅಂದ್ರೆ ನೆಕ್ ಒಳಗಿರೋ ಲೋಹದ ಸರಳು, ತಿರುಗ್ಸಿ ಸರಿ ಮಾಡಿ ಅಂದೆ, ಅದು ನೆಕ್ಕಿನ ನಡುಭಾಗಕ್ಕೆ ಕೆಲಸ ಮಾಡತ್ತೆ, ಬಾಡಿಗೆ ಸ್ಕ್ರೂ ಹಾಕಿ ಬಿಗಿದಿರೋ ಜಾಗಕ್ಕೆ ಅದರ ಬಲ ಮುಟ್ಟಲ್ಲ ಅಂದ್ರು, ಅಷ್ಟೇ ಅಲ್ಲ, ನನ್ನ ಬೇಸ್‌ನಲ್ಲಿ ಆ ನಟ್ಟು ಆಗ್ಲೇ ಕೊನೇವರೆಗೆ ಬಿಗಿದಾಗಿತ್ತು, ಇನ್ನು ತಿರುಗ್ಸೋಕೆ ಜಾಗಾನೇ ಇಲ್ಲ. ಹೊಸ ಬೇಸ್‌ನಲ್ಲಿ! ಆ ಫ್ರೆಟ್‌ಗಳನ್ನ ಉಜ್ಜಿ ಮಟ್ಟ ಮಾಡ್ಬೇಕು, ಅದಕ್ಕೂ ಬಗ್ಗದಿದ್ರೆ ಫ್ರೆಟ್ ಕಿತ್ತು ಬೋರ್ಡನ್ನೇ ಹೆರೀಬೇಕು. ಅದರ ಖರ್ಚು ನಾನು ಬೇಸ್‌ಗೆ ಕೊಟ್ಟಿದ್ದರ ಅರ್ಧಕ್ಕಿಂತ ಜಾಸ್ತಿ. ಅಂಗಡಿಯವರು ವಾಪಸ್ ತಗೊಳ್ಳಲ್ಲ ಅಂದ್ರು, ಅವಧಿ ಮುಗಿದಿತ್ತು, ಆ ಅವಧಿ ಪೂರ್ತಿ ನಾನು ಬೆರಳಿಗೆ ಬೈಕೊಂಡೇ ಕಳೆದಿದ್ದೆ. ಅವರು ಮೊದಲನೇ ಸಲಾನೇ ಆ ನೆಕ್ ನೋಡಿದ್ದಿದ್ರೆ ಅವತ್ತೇ ಗೊತ್ತಾಗ್ತಿತ್ತು, ಅದು ನನಗೆ ಈಗ್ಲೂ ಬೇಜಾರು.

24 ಫ್ರೆಟ್ ಬಗ್ಗೆ ಒಂದು ಮಾತು. ಫ್ರೆಟ್ ಜಾಸ್ತಿ ಇದ್ರೆ ಒಳ್ಳೇದು ಅನ್ಕೊಂಡಿದ್ದೆ. ಬೋರ್ಡು ಉದ್ದ ಆದಷ್ಟೂ ಅದರ ತುದಿಗೂ ಪಿಕಪ್‌ಗೂ ನಡುವಿನ ಜಾಗ ಚಿಕ್ಕದಾಗತ್ತೆ, ಅತಿ ತೆಳ್ಳಗಿನ ಜಿ ತಂತಿ ಕೆಳಗೆ ತೋರುಬೆರಳು ತೂರಿಸಿ ಎಳೀಬೇಕಾಗಿರೋದು ಅದೇ ಜಾಗದಲ್ಲಿ. ನನ್ನದ್ರಲ್ಲಿ ಆ ಪಿಕಪ್ಪು ದಪ್ಪ ಸೋಪ್ ಥರದ್ದು, ಎಳೆಯೋಕೆ ಹೋದ್ರೆ ಉಗುರು ಹೋಗಿ ಪಿಕಪ್‌ಗೆ ತಾಗೋದು. 24 ಫ್ರೆಟ್ ಬೇಸ್‌ನಲ್ಲಿ ಅದ್ಭುತವಾಗಿ ಸ್ಲಾಪ್ ಮಾಡೋರು ಇದಾರೆ, ಆಗಲ್ಲ ಅಂತಲ್ಲ, ಆದ್ರೆ ಕಲಿಯೋರಿಗೆ 20 ಅಥವಾ 21 ಫ್ರೆಟ್ ಇರೋದ್ರಲ್ಲಿ ಕೈಗೆ ಜಾಗ ಧಾರಾಳ. ಆ ಸ್ಲಾಪ್ ಸ್ವಿಚ್ಚು ಮಾಡ್ತಿದ್ದಿದ್ದು ನಡುವಿನ ಸದ್ದು ಇಳಿಸಿ ಕೆಳಗಿಂದು ಮೇಲಿಂದು ಎತ್ತೋದು ಅಷ್ಟೇ, ಅದನ್ನ ಯಾವ ಆಂಪ್‌ನಲ್ಲಾದ್ರೂ ಮಾಡ್ಕೋಬಹುದು. ಟ್ರೆಬಲ್ ಎತ್ತಿದ್ರೆ ಸುಯ್ ಅಂತ ಸದ್ದು ಬೇರೆ. ಬ್ಯಾಟರಿ ಮುಗಿದ್ರೆ ಪ್ಯಾಸಿವ್‌ಗೆ, ಅಂದ್ರೆ ಬ್ಯಾಟರಿ ಇಲ್ದೆ ನುಡಿಸೋ ಹಾಗೆ, ಬದಲಾಯ್ಸೋಕೂ ದಾರಿ ಇರ್ಲಿಲ್ಲ, ಪೂರ್ತಿ ಮೌನ. ಆಕ್ಟಿವ್ ಬೇಸ್ ಇರೋರು ನುಡಿಸಿ ಆದ್ಮೇಲೆ ಕೇಬಲ್ ಕಿತ್ತಿಡಿ, ಕೇಬಲ್ ಚುಚ್ಚಿದ್ದಷ್ಟು ಹೊತ್ತೂ 9 ವೋಲ್ಟ್ ಬ್ಯಾಟರಿ ಖರ್ಚಾಗ್ತಾನೇ ಇರತ್ತೆ.

ಈಗ ಅಂಗಡೀಲಿ ಏನು ನೋಡ್ಬೇಕು. ಮೊದ್ಲು ಆಂಪ್‌ಗೆ ಹಾಕ್ಲೇಬೇಡಿ, ಸುಮ್ನೆ ಕೂತು ಖಾಲಿ ನುಡಿಸಿ. ಇ ತಂತೀನ ಮೊದಲನೇ ಫ್ರೆಟ್‌ನಲ್ಲೂ ಕೊನೇ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡೀರಿ, ಆಗ ತಂತಿನೇ ಅಳತೆ ಪಟ್ಟಿ ಥರ ನೇರ ಆಗತ್ತೆ, 7-8ನೇ ಫ್ರೆಟ್ ಹತ್ರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪದಷ್ಟು, ಅಂದ್ರೆ ಸುಮಾರು 0.3 ಮಿಮೀ ಸಂದು ಇದ್ರೆ ಸರಿ. ಆಮೇಲೆ ಇದನ್ನ ಮರೀಬೇಡಿ, 12ನೇ ಫ್ರೆಟ್‌ನಲ್ಲೂ ಕೊನೇ ಫ್ರೆಟ್‌ನಲ್ಲೂ ಒತ್ತಿ ಹಿಡಿದು 16, 17, 18 ಹತ್ರ ನೋಡಿ, ಅಲ್ಲಿ ಸಂದು ಇದ್ಯೋ ಇಲ್ವೋ ಅನ್ನೋ ಹಾಗಿರ್ಬೇಕು, ಬೆಳಕು ಕಾಣೋಷ್ಟು ಸಂದಿದ್ರೆ ಕೊನೆ ಮೇಲಕ್ಕೆ ಎದ್ದಿದೆ ಅಂತರ್ಥ, ಅದನ್ನ ಅಲ್ಲೇ ಬಿಟ್ಟು ಬನ್ನಿ. ಇದಾದ್ಮೇಲೆ ನಾಲ್ಕೂ ತಂತೀಲಿ ಒಂದೊಂದೇ ಫ್ರೆಟ್ ಒತ್ತಿ ಸ್ವಲ್ಪ ಜೋರಾಗಿ ನುಡಿಸಿ, ಎಲ್ಲಾದ್ರೂ ಸ್ವರ ಉಸಿರು ಕಟ್ಟಿದ ಹಾಗೆ ನಿಂತ್ರೆ ಅದರ ಮುಂದಿನ ಯಾವುದೋ ಫ್ರೆಟ್ ಎತ್ತರ ಇದೆ. ಆಕ್ಷನ್ನು 12ನೇ ಫ್ರೆಟ್ ಹತ್ರ ಸ್ಕೇಲ್ ಇಟ್ಟು ನೋಡಿದ್ರೆ ಇ ತಂತಿ 2 ಮಿಮೀ ಆಸುಪಾಸು, ಜಿ ತಂತಿ ಅದಕ್ಕಿಂತ ಸ್ವಲ್ಪ ಕಮ್ಮಿ ಇದ್ರೆ ಸ್ಲಾಪ್‌ಗೆ ಹಿತ. ಆಕ್ಷನ್ ಎತ್ತರ ಇದೆ ಅಂದ್ರೆ ಆಮೇಲೆ ಇಳಿಸ್ಕೋಬಹುದು ಅಂತಾರೆ, ಆಗ ನನ್ನೆದುರೇ ಇಳಿಸಿ ತೋರ್ಸಿ ಅನ್ನಿ, ಫ್ರೆಟ್ ಮಟ್ಟ ಇದ್ರೆ ಮಾತ್ರ ಅದು ಇಳಿಯೋದು. ಜಿ ತಂತಿ ಬೋರ್ಡ್ ಅಂಚಿಗೆ ತೀರಾ ಹತ್ರ ಇದ್ಯಾ ಅಂತಲೂ ನೋಡಿ, ಎಳೆದು ಬಿಟ್ಟಾಗ ಅಂಚಿಂದ ಹೊರಗೆ ಜಾರತ್ತೆ. ಬೇಕಾದ್ರೆ ಹತ್ತು ನಿಮಿಷ ಹೆಚ್ಚಿಗೆ ಕೂತ್ಕೊಳ್ಳಿ, ನಾಚಿಕೆ ಪಡ್ಬೇಡಿ, ದುಡ್ಡು ನಿಮ್ಮದು.

ನಾನೀಗ ನುಡಿಸ್ತಿರೋದು ಸೆಕೆಂಡ್ ಹ್ಯಾಂಡ್ ತಗೊಂಡ ಒಂದು ಸಾದಾ ಜಾಝ್ ಬೇಸ್ ಮಾದರಿಯದ್ದು. 20 ಫ್ರೆಟ್, ಪ್ಯಾಸಿವ್, ಎರಡು ಸಿಂಗಲ್ ಕಾಯಿಲ್ ಪಿಕಪ್, ಮೂರು ನಾಬು, ಬಣ್ಣ ಅಲ್ಲಲ್ಲಿ ಹೋಗಿದೆ, ನೆಕ್ ಮಾತ್ರ ಗೆರೆ ಎಳೆದ ಹಾಗಿದೆ. ಫೆಂಡರ್ ಜಾಝ್ ಬೇಸ್ ಬಂದಿದ್ದು 1960ರಲ್ಲಿ, ಎರಡೂ ಪಿಕಪ್ ವಾಲ್ಯೂಮ್ ಪೂರ್ತಿ ಏರಿಸಿದ್ರೆ ನಡುವಿನ ಸದ್ದು ತಾನಾಗೇ ಸ್ವಲ್ಪ ಹಿಂದೆ ಸರಿಯತ್ತೆ, ಸ್ಲಾಪ್‌ಗೆ ಜನ ಅದನ್ನ ಇಷ್ಟಪಡೋದು ಅದಕ್ಕೇ, ಪ್ರಸಿದ್ಧ ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಹೆಸರು ಮಾಡಿದ್ದೂ 1977ರ ಒಂದು ಜಾಝ್ ಬೇಸ್‌ನಲ್ಲೇ. ಇನ್ನೊಂದು ದಾರಿ 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ, ಬೇಸ್ ವಾದಕ ಲೂಯಿಸ್ ಜಾನ್ಸನ್ ಅವರ ಆ ಸಿಡಿಲಿನಂಥ ಹೆಬ್ಬೆರಳಿನ ಸದ್ದು ಅದರದ್ದು. ಅವೆರಡರ ಬೆಲೆ ನಮ್ಮಂಥವರ ಕೈಗೆ ಎಟುಕಲ್ಲ, ಆದ್ರೆ ಫೆಂಡರ್‌ನವರದ್ದೇ ಸ್ಕ್ವಾಯರ್, ಮ್ಯೂಸಿಕ್ ಮ್ಯಾನ್‌ನವರದ್ದೇ ಸ್ಟರ್ಲಿಂಗ್ ಇದೆ, ಮಾರ್ಕಸ್ ಮಿಲ್ಲರ್ ಹೆಸರಲ್ಲಿ ಸೈರ್‌ನವರ ಬೇಸ್‌ಗಳಿವೆ. ಅವುಗಳಲ್ಲೂ ಹೆಸರು ನೋಡಿ ಕಣ್ಮುಚ್ಚಿ ತಗೋಬೇಡಿ, ಒಂದೇ ಮಾದರಿಯ ಎರಡು ಪೀಸ್ ಎರಡು ಥರ ಇರತ್ತೆ, ನಿಮ್ಮ ಕೈಲಿರೋ ಆ ಪೀಸ್‌ನ ನೆಕ್ ನೋಡಿ. ಇರೋ ದುಡ್ಡೆಲ್ಲಾ ಬೇಸ್‌ಗೇ ಸುರೀಬೇಡಿ, ಒಂದು ಒಳ್ಳೇ ಸೆಟಪ್‌ಗೂ (ನೆಕ್, ಆಕ್ಷನ್ ಸರಿ ಹೊಂದಿಸೋದಕ್ಕೂ) 45ರಿಂದ 105 ಅಥವಾ 40ರಿಂದ 100 ಗೇಜಿನ, ಅಂದ್ರೆ ಆ ದಪ್ಪದ, ಒಂದು ಸೆಟ್ ಸ್ಟೀಲ್ ರೌಂಡ್‌ವೌಂಡ್ ತಂತಿಗೂ ಸ್ವಲ್ಪ ತೆಗೆದಿಡಿ, ಹಳೇ ತಂತೀಲಿ ಎಂಥಾ ಬೇಸೂ ಮಂಕಾಗತ್ತೆ.

ಈಗಾಗ್ಲೇ ಬೇಸ್ ತಗೊಂಡಾಗಿದೆ, ಸ್ಲಾಪ್ ಬರ್ತಿಲ್ಲ, ಬೆರಳು ನೋಯ್ತಿದೆ ಅನ್ನೋರು ಇದ್ರೆ ಇವತ್ತೇ ಆ 12ನೇ ಫ್ರೆಟ್ಟು ಕೊನೇ ಫ್ರೆಟ್ಟು ಪರೀಕ್ಷೆ ಮಾಡಿ ನೋಡಿ, ವಾಪಸ್ ಕೊಡೋ ಅವಧಿ ಇದ್ರೆ ನಾಳೇನೇ ಹೋಗಿ. ಹೆಬ್ಬೆರಳ ಬುಡದಲ್ಲಿ ನೋವಿದ್ರೆ ಅವತ್ತಿಗೆ ನುಡಿಸೋದು ನಿಲ್ಲಿಸಿ. ನಾನು ಅದು ಕಲಿಯೋರಿಗೆಲ್ಲಾ ಬರೋ ನೋವು ಅನ್ಕೊಂಡು ಎರಡು ತಿಂಗಳು ತಡ್ಕೊಂಡೆ, ತಡ್ಕೋಬಾರ್ದಿತ್ತು, ಚಳಿ ಇದ್ದಾಗ ಈಗ್ಲೂ ಆ ಗಂಟು ಸ್ವಲ್ಪ ಹಿಡ್ಕೊಳ್ಳತ್ತೆ.